ಮೊಹರು ಗವಾನನದು, ಪತ್ರ ಗವಾನನದಲ್ಲ: ಬೀದರಿನ ಸುಲ್ತಾನ ಕೇಳದೆ ಬಿಟ್ಟ ಒಂದು ಪ್ರಶ್ನೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬೀದರ್ ಜಿಲ್ಲೆಯ ಠಾಣಾ ಕುಶನೂರದಿಂದ ನಾನು ಮಾತಾಡ್ತಾ ಇದ್ದೀನಿ. ಇವತ್ತಿನದು ಇತಿಹಾಸದ ಸಂಚಿಕೆ. ಆದ್ರೆ ಶುರು ಮಾಡೋದು ಅನಿಮೆಯಿಂದ.

‘ನರುಟೊ’ ನೋಡಿದವರಿಗೆ ಇಟಾಚಿ, ಸಾಸುಕೆ ಇಬ್ಬರೂ ಗೊತ್ತು. ಇನ್ನೂ ನೋಡದವರು ಅರ್ಧ ನಿಮಿಷ ಮುಂದಕ್ಕೆ ಓಡಿಸ್ರಿ, ಯಾಕಂದ್ರ ಕಥೆಯ ಗುಟ್ಟು ಹೇಳಿಬಿಡ್ತೀನಿ. ಇಡೀ ಕುಲವನ್ನು ಕೊಂದ ಅಣ್ಣನ ಮೇಲೆ ಸೇಡು ತೀರಿಸಿಕೊಳ್ಳೋದೇ ತಮ್ಮನ ಬದುಕಿನ ಗುರಿ. ಇಬ್ಬರೂ ಎದುರಾಗ್ತಾರೆ, ಅಣ್ಣ ಸಾಯ್ತಾನೆ. ಸತ್ತ ಮೇಲೆ ತಮ್ಮನಿಗೆ ತಿಳಿಯುತ್ತೆ: ಅಣ್ಣ ಅಷ್ಟೆಲ್ಲ ಮಾಡಿದ್ದು ಊರಿನ ಹಿರಿಯರ ಅಪ್ಪಣೆಯಿಂದ, ತಮ್ಮನೊಬ್ಬನನ್ನು ಉಳಿಸಿದ್ದು ಪ್ರೀತಿಯಿಂದ. ಕೊನೆವರೆಗೂ ಒಂದು ಮಾತು ಹೇಳಲಿಲ್ಲ.

ಈ ಕಥೆಗೆ ಅಳುವ ಹುಡುಗರು ನಮ್ಮ ಕಡೆ ಬಹಳ ಮಂದಿ ಇದ್ದಾರೆ. ಅವರಿಗೆ ನಾನು ಹೇಳೋದು ಇಷ್ಟು: ಇದೇ ಥರದ್ದೊಂದು ನಮ್ಮ ಬೀದರಿನಲ್ಲೇ ನಡೆದದ. ಒಬ್ಬ ಸುಲ್ತಾನ, ಒಬ್ಬ ಮಂತ್ರಿ. ಹುಡುಗನನ್ನು ದೊಡ್ಡವನನ್ನಾಗಿ ಮಾಡಿದವನೇ ಮಂತ್ರಿ. ಆ ಮಂತ್ರಿಯ ತಲೆ ತೆಗೆಸಿದವನೇ ಆ ಹುಡುಗ. ಇಸವಿ 1481, ಏಪ್ರಿಲ್ 5.

ವ್ಯಾಪಾರಕ್ಕೆ ಬಂದವ

ಮಂತ್ರಿಯ ಹೆಸರು ಮಹಮೂದ್ ಗವಾನ್. ಬೀದರಿಗೆ ಹೋದವರೆಲ್ಲ ಅವನ ಮದರಸಾ ನೋಡಿರ್ತೀರಿ. ಹಸಿರು, ನೀಲಿ ಹೆಂಚಿನ ಚೂರುಗಳು ಇನ್ನೂ ಗೋಡೆಗೆ ಅಂಟಿಕೊಂಡಿವೆ, ಎತ್ತರದ ಮಿನಾರ್ ಒಂದೇ ಉಳಿದಿದೆ. ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡವರು ನಮ್ಮಲ್ಲಿ ಸಾವಿರಾರು ಮಂದಿ. ಅದನ್ನು ಕಟ್ಟಿಸಿದವ ಹ್ಯಾಂಗ ಸತ್ತ ಅಂತ ಕೇಳಿದರೆ ಮಾತ್ರ ಬಹಳ ಮಂದಿ ತಲೆ ಕೆರೆದುಕೊಳ್ತಾರೆ.

ಗವಾನ್ ಪರ್ಷಿಯಾದ ಗೀಲಾನ್ ಸೀಮೆಯವ. 1453ರ ಹೊತ್ತಿಗೆ ದಾಭೋಳ ಬಂದರಿಗೆ ಹಡಗಿನಿಂದ ಇಳಿದು, ಅಲ್ಲಿಂದ ಬೀದರಿಗೆ ಬಂದ. ಆಗ ಅವನಿಗೆ ನಲವತ್ತು ದಾಟಿತ್ತು. ಬಂದದ್ದು ವ್ಯಾಪಾರಕ್ಕೆ, ಜೊತೆಗೆ ಇಲ್ಲಿನ ಸೂಫಿ ಹಿರಿಯರನ್ನು ಕಾಣೋದಕ್ಕೆ. ಬಹಮನಿ ಅರಮನೆಯವರು ಅವನ ಓದು, ಬುದ್ಧಿ ನೋಡಿ ಇಲ್ಲೇ ಇಟ್ಟುಕೊಂಡರು. ಮುಂದೆ ಅವನಿಗೆ ಸಿಕ್ಕ ಬಿರುದು ‘ಮಲಿಕ್-ಉತ್-ತುಜ್ಜಾರ್’. ಅಂದ್ರೆ ವ್ಯಾಪಾರಿಗಳ ದೊರೆ.

1461ರಲ್ಲಿ ಸುಲ್ತಾನ ಹುಮಾಯೂನ್ ಸತ್ತ. ಸಿಂಹಾಸನಕ್ಕೆ ಬಂದವ ಅವನ ಮಗ ನಿಜಾಮ್ ಶಾಹ, ಎಂಟು ವರ್ಷದ ಕೂಸು. ಎರಡು ವರ್ಷಕ್ಕೆ ಅವನೂ ತೀರಿಹೋದ. 1463ರಲ್ಲಿ ಅವನ ತಮ್ಮ ಮೂರನೇ ಮುಹಮ್ಮದ್ ಶಾಹ ಸುಲ್ತಾನನಾದ. ಅವನಿಗೂ ಒಂಬತ್ತೋ ಹತ್ತೋ ವರ್ಷ. ಇಂದಿನ ಲೆಕ್ಕದಲ್ಲಿ ನಾಲ್ಕನೇ ಕ್ಲಾಸಿನ ಹುಡುಗ. ಅಪ್ಪನೂ ಇಲ್ಲ, ಅಣ್ಣನೂ ಇಲ್ಲ. ಎದುರಿಗೆ ಮಾಳವ, ಒರಿಸ್ಸಾ, ವಿಜಯನಗರ. ಒಳಗೆ ಒಬ್ಬರ ಮುಖ ಒಬ್ಬರು ನೋಡದ ಸರದಾರರು.

ರಾಜ್ಯ ನಡೆಸಿದವರು ಮೂವರು: ಹುಡುಗನ ತಾಯಿ ನರ್ಗಿಸ್ ಬೇಗಂ, ಖ್ವಾಜಾ ಜಹಾನ್ ತುರ್ಕ್ ಅನ್ನೋ ಹಿರಿಯ ಮಂತ್ರಿ, ಮತ್ತು ಗವಾನ್. ತಾಯಿ ಪರದೆಯ ಹಿಂದೆ ಕೂತು, ಪರಿಚಾರಿಕೆಯ ಕೈಲಿ ಮಾತು ಕಳಿಸಿ ಆಡಳಿತ ನಡೆಸ್ತಿದ್ದಳು. ಹುಡುಗನಿಗೆ ಒಳ್ಳೆ ಗುರುಗಳು ಸಿಕ್ಕರು, ಚೆನ್ನಾಗಿ ಓದಿದ. ಬಹಮನಿ ವಂಶದಲ್ಲಿ ಫಿರೋಜ್ ಶಾಹನ ನಂತರ ಇಷ್ಟು ಓದಿಕೊಂಡ ಸುಲ್ತಾನ ಇನ್ನೊಬ್ಬನಿಲ್ಲ ಅನ್ನೋದು ಇತಿಹಾಸಕಾರ ಫರಿಶ್ತಾನ ಮಾತು.

ಆದ್ರೆ ಆ ಹುಡುಗ ದರ್ಬಾರಿನಲ್ಲಿ ಇನ್ನೊಂದು ಪಾಠಾನೂ ಕಲಿತ. 1466ರಲ್ಲಿ ಖ್ವಾಜಾ ಜಹಾನ್ ತುರ್ಕನ ಸೊಕ್ಕು ಹೆಚ್ಚಾಯಿತು ಅಂತ ತಾಯಿಗೆ ಅನ್ನಿಸಿತು. ಒಂದು ದಿನ ತುಂಬಿದ ದರ್ಬಾರಿನಲ್ಲಿ ಒಳಗಿನಿಂದ ಸೂಚನೆ ಬಂತು. ಹುಡುಗ ಸುಲ್ತಾನ ಪಕ್ಕದ ಸರದಾರನ ಕಡೆ ತಿರುಗಿ, ಇವನು ದ್ರೋಹಿ, ಕೊಲ್ಲು ಅಂದ. ಅಲ್ಲೇ, ಅವನ ಕಣ್ಣೆದುರೇ ತುರ್ಕ್ ಸತ್ತ. ಹುಡುಗನಿಗೆ ಆಗ ಹನ್ನೆರಡರ ಆಸುಪಾಸು. ದೊಡ್ಡ ಮಂತ್ರಿಯ ಮೇಲೆ ಅನುಮಾನ ಬಂದರೆ ಏನು ಮಾಡಬೇಕು ಅನ್ನೋದಕ್ಕೆ ಅವನು ಕಣ್ಣಾರೆ ಕಂಡ ಉತ್ತರ ಅದೊಂದೇ. ಇದನ್ನು ನೆನಪಿಟ್ಟುಕೊಳ್ರಿ, ಮುಂದೆ ಬೇಕಾಗ್ತದ.

ತುರ್ಕನ ಜಾಗಕ್ಕೆ ಬಂದವನೇ ಗವಾನ್.

ಬಾಗಿಲು ಹಾಕಿಕೊಂಡ ಮಂತ್ರಿ

ಆ ಕಾಲದ ಬೀದರನ್ನು ಕಣ್ಣಾರೆ ಕಂಡು ಬರೆದವನೊಬ್ಬ ಇದ್ದಾನೆ. ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಅವನು ಇಲ್ಲಿದ್ದ. ಸುಲ್ತಾನ ಚಿಕ್ಕವ, ಇಪ್ಪತ್ತರ ಪ್ರಾಯ, ಅಧಿಕಾರವೆಲ್ಲ ಸರದಾರರ ಕೈಲಿ ಅಂತ ಅವನು ಬರೆದ. ಗವಾನನನ್ನು ಅವನು ‘ಮಲಿಕ್ ತುಚಾರ್’ ಅಂತ ಕರೀತಾನೆ. ಅವನ ಪಂಕ್ತಿಯಲ್ಲಿ ದಿನಾ ಐನೂರು ಮಂದಿ ಉಣ್ತಾರೆ ಅಂತ ಬೆರಗಾಗ್ತಾನೆ. ಹೊರಗಿನವನ ಕಣ್ಣಿಗೆ ಕಂಡದ್ದು ಅಷ್ಟೇ: ಎಳೆಯ ಸುಲ್ತಾನ, ಬಲಾಢ್ಯ ಮಂತ್ರಿ. ಒಳಗೆ ಏನಿತ್ತು?

ಗವಾನ್ ಮೂರು ವರ್ಷ ಕೊಂಕಣದ ಕಾಡು, ಮಳೆ, ಘಟ್ಟಗಳಲ್ಲಿ ಸೈನ್ಯ ಕಟ್ಟಿಕೊಂಡು ಹೋರಾಡಿದ. 1472ರಲ್ಲಿ ಗೋವಾ ಗೆದ್ದ. ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಬಂದರು ಅದು, ಹಂಗಾಗಿ ಸಣ್ಣ ಗೆಲುವಲ್ಲ. ಅದೇ ವರ್ಷ ಬೀದರಿನ ಮದರಸಾ ಕೂಡ ಮುಗೀತು. ವಾಪಸ್ ಬಂದಾಗ ಸುಲ್ತಾನ ತಾನೇ ಗವಾನನ ಮನೆಗೆ ಹೋಗಿ ಒಂದು ವಾರ ಉಳಿದ. ತನ್ನ ಉಡುಪನ್ನೇ ಅವನಿಗೆ ತೊಡಿಸಿದ. ರಾಜಮಾತೆ ಅವನನ್ನು ಅಣ್ಣ ಅಂದಳು. ಪರದೇಶಿಯೊಬ್ಬನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಇಲ್ಲ.

ಈಗ ನೋಡ್ರಿ, ಫರಿಶ್ತಾ ಮುಂದೆ ಏನು ಬರೀತಾನೆ ಅಂತ. ಸುಲ್ತಾನ ಅತ್ತ ಹೋದ ಕೂಡ್ಲೆ ಗವಾನ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಆ ರಾಜಪೋಷಾಕು ತೆಗೆದಿಟ್ಟ. ನೆಲಕ್ಕೆ ಬಿದ್ದು ಅತ್ತ. ಫಕೀರನ ಬಟ್ಟೆ ತೊಟ್ಟು ಹೊರಗೆ ಬಂದು, ಕೂಡಿಟ್ಟ ಹಣ, ಒಡವೆ ಎಲ್ಲವನ್ನೂ ಪಂಡಿತರಿಗೆ, ಸಾಧುಗಳಿಗೆ ಹಂಚಿಬಿಟ್ಟ. ಉಳಿಸಿಕೊಂಡದ್ದು ಪುಸ್ತಕ, ಆನೆ, ಕುದುರೆ. ಪುಸ್ತಕ ವಿದ್ಯಾರ್ಥಿಗಳದ್ದು, ಆನೆ ಕುದುರೆ ಸುಲ್ತಾನನದ್ದು ಅನ್ನೋದು ಅವನ ಲೆಕ್ಕ. ಯಾಕೆ ಹಿಂಗ ಮಾಡಿದಿರಿ ಅಂತ ಆಪ್ತನೊಬ್ಬ ಕೇಳಿದ. ಆ ಮರ್ಯಾದೆಯಿಂದ ತನ್ನೊಳಗೆ ಅಹಂಕಾರ ಎದ್ದುಬಿಟ್ಟಿತು, ಸುಲ್ತಾನ ಎದುರಿಗೆ ಕೂತು ಮಾತಾಡಿಸುವಾಗ ಉತ್ತರ ಕೊಡೋದಕ್ಕೂ ಆಗಲಿಲ್ಲ, ಮೈಗೆ ಹುಷಾರಿಲ್ಲ ಅಂತ ನೆಪ ಹೇಳಬೇಕಾಯಿತು ಅಂತ ಗವಾನ್ ಒಪ್ಪಿಕೊಂಡ.

ನನಗೆ ಇಡೀ ಕಥೆಯಲ್ಲಿ ಕಾಡೋದು ಈ ಕೋಣೆ. ಹುಡುಗ ತನಗೆ ತಿಳಿದ ರೀತಿಯಲ್ಲಿ ಪ್ರೀತಿ ತೋರಿಸಿದ: ಮನೆಗೆ ಬಂದ, ತನ್ನ ಬಟ್ಟೆ ಕೊಟ್ಟ. ಮುದುಕ ಅದನ್ನು ತಡೆದುಕೊಳ್ಳಲಾರದೆ ಅತ್ತ. ಆದ್ರೆ ಅತ್ತದ್ದು ಬಾಗಿಲ ಹಿಂದೆ. ಹುಡುಗನ ಮುಂದೆ ಹೇಳಿದ್ದು ಮೈಗೆ ಹುಷಾರಿಲ್ಲ ಅಂತ. ಅವನ ಕಣ್ಣೀರು ಆಪ್ತನಿಗೆ ಗೊತ್ತಾಯಿತು, ಇತಿಹಾಸಕ್ಕೂ ಗೊತ್ತಾಯಿತು. ಯಾರಿಗೆ ಗೊತ್ತಾಗಬೇಕಿತ್ತೋ ಅವನಿಗೆ ಗೊತ್ತಾಗಲಿಲ್ಲ.

ಸ್ವಲ್ಪ ದಿನಕ್ಕೆ ಬೆಳಗಾವಿ ದಂಡಯಾತ್ರೆಯ ಹೊತ್ತಿನಲ್ಲಿ ರಾಜಮಾತೆ ತೀರಿಕೊಂಡಳು. ಇಬ್ಬರ ನಡುವೆ ಇದ್ದ ಮೂರನೆಯ ಮನುಷ್ಯಳು ಅವಳು. ಮಗನಿಗೂ ಹೇಳಬಲ್ಲವಳು, ಅಣ್ಣ ಅಂದವನಿಗೂ ಹೇಳಬಲ್ಲವಳು. ಮನೆಯಲ್ಲಿ ಅಪ್ಪ ಮಗ ಮಾತು ಬಿಟ್ಟಾಗ ನಡುವೆ ಓಡಾಡೋ ಅವ್ವ ಇರ್ತಾಳಲ್ಲ, ಹಂಗ. ಅವಳು ಹೋದ ಮೇಲೆ ಆ ದಾರಿ ಮುಚ್ಚಿತು.

ಪ್ರೀತಿಯನ್ನು ಕಾಯಿದೆಯಲ್ಲಿ ಬರೆದವ

ಗವಾನ್ ಬಾಯಲ್ಲಿ ಹೇಳದ್ದನ್ನು ಕೆಲಸದಲ್ಲಿ ಹೇಳಿದ ಅಂತ ನನಗೆ ಅನಿಸ್ತದ. ಅವನು ತಂದ ಆಡಳಿತ ಸುಧಾರಣೆಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿರ್ತೀರಿ. ಒಂದ್ಸಲ ಬೇರೆ ಕಣ್ಣಿನಿಂದ ನೋಡ್ರಿ.

ಬಹಮನಿ ರಾಜ್ಯದಲ್ಲಿ ನಾಲ್ಕು ತರಫ್‌ಗಳಿದ್ದವು. ತರಫ್ ಅಂದ್ರೆ ಪ್ರಾಂತ. ‘ನಮ್ಮ ತರಫ್‌ನಿಂದ’ ಅಂತ ಇವತ್ತಿಗೂ ನಾವು ಅಂತೀವಲ್ಲ, ಅದೇ ಶಬ್ದ. ನಮ್ಮೂರಿನ ಹೆಸರಿನಲ್ಲಿರುವ ‘ಠಾಣಾ’ ಕೂಡ ಇಂಥದ್ದೇ ಆಡಳಿತದ ಶಬ್ದ, ಕಾವಲಿನವರ ನೆಲೆ ಅಂತ ಅರ್ಥ. ಒಬ್ಬೊಬ್ಬ ತರಫ್‌ದಾರನ ಕೈಲಿ ಅವನ ಸೀಮೆಯ ಎಲ್ಲ ಕೋಟೆಗಳೂ ಇರ್ತಿದ್ದವು. ಮನಸ್ಸು ಬದಲಾದರೆ ಅವನೇ ಇನ್ನೊಬ್ಬ ಸುಲ್ತಾನ.

ಗವಾನ್ ನಾಲ್ಕನ್ನು ಎಂಟು ಮಾಡಿದ. ಒಬ್ಬ ತರಫ್‌ದಾರನಿಗೆ ಒಂದೇ ಕೋಟೆ, ಉಳಿದ ಕೋಟೆಗಳಿಗೆ ಸುಲ್ತಾನನೇ ಕಿಲ್ಲೇದಾರರನ್ನು ನೇಮಿಸಬೇಕು ಅಂದ. ಸರದಾರರ ಸಂಬಳ ಹೆಚ್ಚಿಸಿದ, ಆದ್ರೆ ಲೆಕ್ಕದಲ್ಲಿ ತೋರಿಸಿದಷ್ಟು ಸೈನಿಕರು ಇಲ್ಲದಿದ್ದರೆ ಹಣ ಕಡಿತ. ಜಮೀನು ಅಳೆಸಿದ. ಅವನೂ ಒಬ್ಬ ತರಫ್‌ದಾರ, ಬಿಜಾಪುರ ಅವನದೇ. ನಿಯಮ ಅವನಿಗೂ ಅನ್ವಯಿಸ್ತಿತ್ತು.

ಇದರಿಂದ ಲಾಭ ಯಾರಿಗೆ? ಸುಲ್ತಾನನಿಗೆ. ನಾನು ಸತ್ತ ಮೇಲೂ ಈ ಹುಡುಗನನ್ನು ಯಾರೂ ಕೆಳಗಿಳಿಸಬಾರದು ಅನ್ನೋ ತಂದೆ ಮಾಡುವ ಕೆಲಸ ಅದು. ನಷ್ಟ ಯಾರಿಗೆ? ಸರದಾರರಿಗೆ. ಎಲ್ಲರಿಗಿಂತ ಕೆರಳಿದವ ಮಲಿಕ್ ಹಸನ್ ಬಹ್ರಿ, ನಿಜಾಮ್-ಉಲ್-ಮುಲ್ಕ್. ಅವನ ತೆಲಂಗಾಣ ತರಫ್ ಎರಡು ಹೋಳಾಗಿತ್ತು. ಮೇಲಾಗಿ ಹಳೇ ಜಗಳವೊಂದು ಇದ್ದೇ ಇತ್ತು: ಇಲ್ಲೇ ಬೇರುಬಿಟ್ಟ ‘ದಖನಿ’ಗಳು ಒಂದು ಕಡೆ, ಪರ್ಷಿಯಾ, ತುರ್ಕಿ ಕಡೆಯಿಂದ ಬಂದ ‘ಅಫಾಖಿ’ಗಳು ಇನ್ನೊಂದು ಕಡೆ. ಹಸನ್ ದಖನಿಗಳ ಮುಂದಾಳು, ಗವಾನ್ ಅಫಾಖಿ. ಎರಡೂ ಗುಂಪಿಗೆ ಸಮನಾಗಿ ಹುದ್ದೆ ಹಂಚೋದಕ್ಕೆ ಗವಾನ್ ನೋಡಿದ. ಎರಡೂ ಕಡೆ ನಂಬಿಕೆ ಹುಟ್ಟಲಿಲ್ಲ.

ಖಾಲಿ ಕಾಗದದ ಮೇಲೆ ಮೊಹರು

1481. ಸುಲ್ತಾನ ಈಗ ಇಪ್ಪತ್ತೇಳರ ಗಂಡಸು. ಕಂಚಿಯವರೆಗೂ ದಂಡೆತ್ತಿ ಹೋಗಿ ಬಂದಿದ್ದ, ಬೀಡು ಇಂದಿನ ಆಂಧ್ರದ ಕೊಂಡಪಲ್ಲಿಯಲ್ಲಿ. ಕುಡಿತ ಹೆಚ್ಚಾಗಿತ್ತು. ಗವಾನ್ ಮಗನಂತೆ ಸಾಕಿದ್ದ ಯೂಸುಫ್ ಆದಿಲ್ ಖಾನ್ ದೂರದ ದಂಡಯಾತ್ರೆಯ ಮೇಲಿದ್ದ. ಹಸನ್ ಕಡೆಯವರಿಗೆ ಇದೇ ಸಮಯ.

ಅವರು ಗವಾನನ ಮೊಹರು ಕಾಯುವ ಹಬ್ಶಿ ಆಳಿನ ಸ್ನೇಹ ಬೆಳೆಸಿದರು. ಒಂದಿನ ಅವನಿಗೆ ಚೆನ್ನಾಗಿ ಕುಡಿಸಿ, ಮಡಚಿದ ಕಾಗದವೊಂದನ್ನು ಮುಂದಿಟ್ಟು, ಇದು ನಮ್ಮ ಗೆಳೆಯನ ಲೆಕ್ಕಪತ್ರ, ಎಲ್ಲರ ಮೊಹರೂ ಬಿದ್ದಿದೆ, ನಿಮ್ಮ ಧಣಿಯದ್ದೊಂದು ಬೇಕು ಅಂದರು. ಅವನು ಬಿಚ್ಚಿ ನೋಡದೆ ಒತ್ತಿಬಿಟ್ಟ. ಒಳಗಿದ್ದದ್ದು ಖಾಲಿ ಹಾಳೆ.

ಆ ಹಾಳೆಯ ಮೇಲೆ ಒರಿಸ್ಸಾದ ರಾಜನಿಗೆ ಬರೆದಂತೆ ಒಂದು ಪತ್ರ ಸೃಷ್ಟಿಯಾಯಿತು. ಅದರ ಸಾರಾಂಶ: ಈ ಸುಲ್ತಾನನ ಕುಡಿತ, ಕ್ರೌರ್ಯ ನೋಡಿ ಬೇಸತ್ತಿದ್ದೇನೆ, ನೀನು ದಂಡೆತ್ತಿ ಬಾ, ರಾಜ್ಯ ಹಂಚಿಕೊಳ್ಳೋಣ.

ಬರೆದವರ ಚಾಲಾಕಿತನ ನೋಡ್ರಿ. ರಾಜದ್ರೋಹದ ಮಾತಷ್ಟೇ ಇದ್ದಿದ್ದರೆ ಸುಲ್ತಾನ ಎರಡು ಸಲ ಯೋಚನೆ ಮಾಡ್ತಿದ್ದನೋ ಏನೋ. ಆದ್ರೆ ಕುಡಿತದ ಮಾತು ಸೇರಿಸಿದರು. ತನ್ನನ್ನು ಬೆಳೆಸಿದವನ ಕಣ್ಣಿಗೆ ತಾನು ಕೆಟ್ಟು ಹೋದವ ಅನ್ನೋ ಅಳುಕು ಕುಡಿಯುವ ಪ್ರತಿ ಹುಡುಗನಿಗೂ ಇರ್ತದ. ಆ ಪತ್ರ ಆ ಅಳುಕನ್ನೇ ಗವಾನನ ದನಿಯಲ್ಲಿ ಓದಿ ಹೇಳಿತು. ಪರಕೀಯ ಬೈದರೆ ಸಿಟ್ಟು ಬರ್ತದ, ಪ್ರೀತಿಸಿದವ ಬೆನ್ನ ಹಿಂದೆ ಬೈದ ಅಂತ ಗೊತ್ತಾದರೆ ಹುಚ್ಚು ಹಿಡೀತದ.

ಗವಾನನಿಗೆ ಕರೆ ಬಂತು. ಹೋಗಬೇಡಿ, ಗುಜರಾತಿಗೆ ಓಡಿಹೋಗಿ, ಕುದುರೆ ಸಿದ್ಧ ಇವೆ ಅಂತ ಆಪ್ತರು ಅಂದರು. ಅಪ್ಪನ ಸೇವೆಯಲ್ಲಿ ಬೆಳ್ಳಗಾದ ಗಡ್ಡ ಮಗನ ಸೇವೆಯಲ್ಲಿ ರಕ್ತದಿಂದ ಕೆಂಪಾದರೂ ಚಿಂತೆಯಿಲ್ಲ ಅನ್ನೋ ಅರ್ಥದ ಮಾತಾಡಿ ಅವನು ಹೊರಟ. ನನಗೆ ಇದು ಬರೀ ಧೈರ್ಯದ ಮಾತು ಅನ್ನಿಸೋದಿಲ್ಲ. ಎದುರಿಗೆ ಹೋದರೆ ಹುಡುಗ ನನ್ನ ಮುಖ ನೋಡ್ತಾನೆ, ನಂಬ್ತಾನೆ ಅನ್ನೋ ಆಸೆಯೂ ಅದರಲ್ಲಿತ್ತೇನೋ.

ಸುಲ್ತಾನ ನೇರವಾಗಿ ಕೇಳಲಿಲ್ಲ. ಒಡೆಯನಿಗೆ ದ್ರೋಹ ಬಗೆದ ಸೇವಕನಿಗೆ ಏನು ಶಿಕ್ಷೆ ಅಂದ. ಗವಾನ್, ಕತ್ತಿಯಿಂದ ಸಾವು ಅಂದ. ಆಗ ಪತ್ರ ತೋರಿಸಿದ. ಗವಾನ್ ನೋಡಿ, ಮೊಹರು ನನ್ನದು, ಪತ್ರ ನನ್ನದಲ್ಲ ಅಂದ. ಕುಡಿದ ಸುಲ್ತಾನ ಮುಂದೆ ಏನೂ ಕೇಳದೆ ಎದ್ದು ಒಳಗೆ ಹೋಗ್ತಾ, ಜೌಹರ್ ಅನ್ನೋ ಹಬ್ಶಿ ಆಳಿಗೆ ಅಪ್ಪಣೆ ಕೊಟ್ಟ. ನನ್ನಂಥ ಮುದುಕ ಸಾಯೋದು ದೊಡ್ಡದಲ್ಲ, ನಿನ್ನ ರಾಜ್ಯಕ್ಕೆ ಇದು ಕೇಡು ಅಂತ ಗವಾನ್ ಎಚ್ಚರಿಸಿದ. ಸುಲ್ತಾನ ತಿರುಗಿ ನೋಡಲಿಲ್ಲ. ಗವಾನ್ ಮೆಕ್ಕಾ ಕಡೆ ಮುಖ ಮಾಡಿ ಮಂಡಿಯೂರಿದ. ಎಪ್ಪತ್ತು ವರ್ಷದ ತಲೆ ನೆಲಕ್ಕೆ ಬಿತ್ತು.

ಹನ್ನೆರಡನೇ ವಯಸ್ಸಿನಲ್ಲಿ ಕಲಿತ ಪಾಠ ನೆನಪಾಯಿತಾ?

ತಡವಾಗಿ ಬಂದ ಪ್ರಶ್ನೆ

ಆಮೇಲೆ ಸುಲ್ತಾನನಿಗೆ ಗವಾನನ ಖಜಾನೆಯ ಮೇಲೆ ಕಣ್ಣು ಬಿತ್ತು. ಇಷ್ಟು ದೊಡ್ಡ ಮಂತ್ರಿ, ಎಷ್ಟು ಕೂಡಿಟ್ಟಿರಬೇಕು! ಖಜಾಂಚಿಯನ್ನು ಕರೆಸಿದ. ಅವನು ಹೇಳಿದ ಲೆಕ್ಕ ಇದು: ಎರಡು ಖಜಾನೆ. ಒಂದು ಸುಲ್ತಾನನ ಹೆಸರಿನದ್ದು, ಸೈನ್ಯದ ಖರ್ಚಿಗೆ. ಇನ್ನೊಂದು ಬಡವರದ್ದು. ಎರಡರಲ್ಲೂ ಉಳಿದದ್ದು ಅಲ್ಪ. ಧಣಿ ತನ್ನ ಊಟಕ್ಕೆ ರಾಜ್ಯದ ಹಣ ಮುಟ್ಟಿದವನಲ್ಲ. ಪರ್ಷಿಯಾದಿಂದ ತಂದ ಬಂಡವಾಳದ ವ್ಯಾಪಾರದಲ್ಲಿ ಬಂದ ಲಾಭದಿಂದಲೇ ಅದು ನಡೀತಿತ್ತು. ಮಲಗ್ತಿದ್ದದ್ದು ಚಾಪೆಯ ಮೇಲೆ, ಅಡುಗೆ ಮಣ್ಣಿನ ಮಡಕೆಯಲ್ಲಿ. ನಿಕಿತಿನ್ ಕಂಡ ಐನೂರು ಮಂದಿಯ ಪಂಕ್ತಿ ಹೊರಗಿನದ್ದು, ಈ ಮಡಕೆ ಒಳಗಿನದ್ದು.

ಆಗ ಇನ್ನೊಂದು ಮಾತು ಹೊರಬಿತ್ತು. ಒರಿಸ್ಸಾಗೆ ಪತ್ರ ಒಯ್ಯುತ್ತಿದ್ದವನನ್ನು ಹಿಡಿದಿರಬೇಕಲ್ಲ, ಅವನನ್ನು ಮುಂದೆ ತರಿಸಿ ಅಂತ. ಸುಲ್ತಾನ ಪತ್ರ ತಂದವರ ಕಡೆ ತಿರುಗಿದ. ಅವರ ಬಳಿ ಯಾವ ಓಲೆಕಾರನೂ ಇರಲಿಲ್ಲ.

ಒಂದೇ ಪ್ರಶ್ನೆ. ಕತ್ತಿ ಎತ್ತೋ ಮುಂಚೆ ಕೇಳಿದ್ದರೆ ಎರಡು ನಿಮಿಷದ ಕೆಲಸ. ಇವತ್ತು ಯಾರೋ ಒಂದು ಸ್ಕ್ರೀನ್‌ಶಾಟ್ ಕಳಿಸ್ತಾರೆ, ನೋಡು ನಿನ್ನ ದೋಸ್ತ ನಿನ್ನ ಬಗ್ಗೆ ಏನಂದಾನ ಅಂತ. ನಂಬರ್ ಅವನದೇ, ಫೋಟೊ ಅವನದೇ. ನಾವೂ ಕೇಳೋದಿಲ್ಲ. ಬ್ಲಾಕ್ ಮಾಡ್ತೀವಿ. ಯಾಕಂದ್ರ ಕೇಳಬೇಕು ಅಂದ್ರೆ ನನಗೆ ನೋವಾಗಿದೆ ಅಂತ ಮೊದಲು ಒಪ್ಪಿಕೊಳ್ಳಬೇಕು. ಸುಲ್ತಾನನಿಗೆ ಕತ್ತಿ ಸುಲಭ ಇತ್ತು, ಆ ಒಪ್ಪಿಗೆ ಕಷ್ಟ ಇತ್ತು.

ಅವನು ಗವಾನನ ದೇಹವನ್ನು ಮರ್ಯಾದೆಯಿಂದ ಬೀದರಿಗೆ ಕಳಿಸಿದ. ಆದ್ರೆ ಸರದಾರರ ಮನಸ್ಸು ಮುರಿದಿತ್ತು. ಯೂಸುಫ್ ಆದಿಲ್ ಖಾನ್ ಮತ್ತು ಇತರರು ಸುಲ್ತಾನನ ಬೀಡಿನಿಂದ ದೂರ ಡೇರೆ ಹಾಕಿದರು, ದೂರದಿಂದಲೇ ಸಲಾಮು ಮಾಡಿದರು. ಗವಾನನಿಗೇ ಈ ಗತಿ ಅಂದ್ರೆ ನಮ್ಮದೇನು ಅನ್ನೋದು ಅವರ ಹೆದರಿಕೆ.

ವರ್ಷ ತುಂಬೋದರೊಳಗೆ, 1482ರ ಮಾರ್ಚಿನಲ್ಲಿ, ಮುಹಮ್ಮದ್ ಶಾಹನೂ ಸತ್ತ. ಇಪ್ಪತ್ತೆಂಟರ ಪ್ರಾಯ. ಕುಡಿದು ಕುಡಿದು ಜ್ವರ ಹತ್ತಿ, ಗವಾನ್ ನನ್ನನ್ನು ಸೀಳ್ತಾ ಇದ್ದಾನೆ ಅಂತ ಚೀರ್ತಾ ಪ್ರಾಣ ಬಿಟ್ಟ ಅಂತ ಫರಿಶ್ತಾ ಬರೀತಾನೆ.

ಅನಿಮೆಯಲ್ಲಿ ಇಟಾಚಿ ಎಡೋ ಟೆನ್ಸೆಯ್‌ನಿಂದ ಮರಳಿ ಬರ್ತಾನೆ. ತಮ್ಮನ ಹಣೆಗೆ ಹಣೆ ತಾಗಿಸಿ ಹೇಳಬೇಕಾದ್ದನ್ನು ಹೇಳಿ ಹೋಗ್ತಾನೆ. ಗವಾನನೂ ಮರಳಿ ಬಂದ. ಆದ್ರೆ ಜ್ವರದಲ್ಲಿ, ಉಗುರು ಚಾಚಿಕೊಂಡು. ಬದುಕಿದ್ದಾಗ ಆ ಮನುಷ್ಯ ಹಂಗಿರಲಿಲ್ಲ. ಅದು ಸುಲ್ತಾನನ ಪಶ್ಚಾತ್ತಾಪ ಹಾಕಿಕೊಂಡ ವೇಷ.

ಈ ಕಥೆ ಹೇಳಿದವರು ಯಾರು?

ಇತಿಹಾಸದ ಪಾಡ್‌ಕಾಸ್ಟ್ ಅಂದ ಮೇಲೆ ಇದನ್ನು ಕೇಳಲೇಬೇಕು. ಫರಿಶ್ತಾ ಬರೆದದ್ದು ಈ ಘಟನೆಯಾದ ನೂರಕ್ಕೂ ಹೆಚ್ಚು ವರ್ಷದ ನಂತರ, ಬಿಜಾಪುರದಲ್ಲಿ, ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ. ಆ ವಂಶದ ಮೂಲಪುರುಷ ಯಾರು? ಗವಾನ್ ಮಗನಂತೆ ಸಾಕಿದ ಯೂಸುಫ್. ಹಂಗಾಗಿ ಬಿಜಾಪುರದವರಿಗೆ ಗವಾನ್ ಮನೆಯ ಹಿರಿಯನಿದ್ದಂಗ. ಅವನ ಶಿಷ್ಯ ಅಬ್ದುಲ್ ಕರೀಂ ಹಮದಾನಿ ಬರೆದದ್ದನ್ನೂ ಫರಿಶ್ತಾ ಬಳಸಿಕೊಂಡಿದ್ದ. ಗವಾನ್ ಇಷ್ಟು ಉಜ್ವಲವಾಗಿ ಕಾಣೋದಕ್ಕೆ ಅದೂ ಒಂದು ಕಾರಣ. ಸುಲ್ತಾನನ ಕಡೆಯಿಂದ ಹೇಳೋದಕ್ಕೆ ಯಾರೂ ಉಳಿದಿರಲಿಲ್ಲ.

ಆದ್ರೆ ಘಟನೆಗಳು ಗಟ್ಟಿ. ಗವಾನನ ಪತ್ರಗಳ ಸಂಗ್ರಹ ‘ರಿಯಾಜ್-ಉಲ್-ಇನ್ಶಾ’ ನಮ್ಮ ಕೈಲಿದೆ. ಅವನ ಬದುಕನ್ನು ಆಧಾರಗಳೊಂದಿಗೆ ಹಾರೂನ್ ಖಾನ್ ಶೇರ್ವಾನಿ 1942ರಲ್ಲೇ ಪುಸ್ತಕ ಮಾಡಿದ್ದಾರೆ. ಪರಿಣಾಮ ಅಂತೂ ನಕ್ಷೆಯಲ್ಲೇ ಕಾಣ್ತದ. ಮುಹಮ್ಮದನ ನಂತರ ಸಿಂಹಾಸನಕ್ಕೆ ಬಂದವ ಮತ್ತೊಬ್ಬ ಎಳೆಯ ಹುಡುಗ, ಮಹಮೂದ್ ಶಾಹ. ಈ ಸಲ ಕಾಯೋದಕ್ಕೆ ಗವಾನ್ ಇರಲಿಲ್ಲ. ಸಂಚು ಹೂಡಿದ ಹಸನ್ ಬಹ್ರಿ ಕೆಲವೇ ವರ್ಷದಲ್ಲಿ ಬೀದರಿನಲ್ಲೇ ಕೊಲೆಯಾದ. ಅವನ ಮಗ ಅಹ್ಮದನಗರ ಕಟ್ಟಿದ, ಯೂಸುಫ್ ಬಿಜಾಪುರ ಕಟ್ಟಿದ. ಬೀರಾರ್, ಗೋಲ್ಕೊಂಡ ಬೇರೆಯಾದವು. ಬೀದರ್ ಬರೀದರ ಪಾಲಾಯಿತು. ಒಂದು ರಾಜ್ಯ ಐದಾಯಿತು.

ಬೀದರಿಗೆ ಹೋದಾಗ ಮದರಸಾ ಒಂದೇ ನೋಡಿ ಬರಬೇಡ್ರಿ. ಊರ ಹೊರಗೆ ಅಷ್ಟೂರಿನ ಗುಂಬಜ್‌ಗಳ ಸಾಲಿನಲ್ಲಿ ಮುಹಮ್ಮದ್ ಶಾಹನ ಗೋರಿ ಅದ. ಇನ್ನೊಂದು ದಿಕ್ಕಿಗೆ ಗೋರನಳ್ಳಿಯ ಹತ್ತಿರ ಗವಾನನ ಗೋರಿ. ಅದಕ್ಕೆ ಗುಂಬಜ್ ಇಲ್ಲ, ಬಯಲಿನಲ್ಲಿ ಮಳೆ ಬಿಸಿಲಿಗೆ ಮಲಗಿದೆ. ಗಾಡಿಯಲ್ಲಿ ಒಂದೇ ಬೆಳಗ್ಗೆ ಎರಡೂ ನೋಡಬಹುದು. ನೋಡಿ ಬಂದವರು ಯಾವುದರ ಮುಂದೆ ಹೆಚ್ಚು ಹೊತ್ತು ನಿಂತಿರಿ ಅಂತ ನನಗೆ ವಾಯ್ಸ್ ಮೆಸೇಜ್ ಕಳಿಸ್ರಿ. ನಾನು ಗೋರನಳ್ಳಿಗೆ ಹೋದಾಗ ಗವಾನನ ಬಗ್ಗೆ ಯೋಚಿಸಿದ್ದು ಕಡಿಮೆ. ತಿರುಗಿ ನೋಡದೆ ಒಳಗೆ ಹೋದ ಆ ಇಪ್ಪತ್ತೇಳರ ಹುಡುಗನ ಬಗ್ಗೇನೇ ಹೆಚ್ಚು.

ಮುಂದಿನ ಸಂಚಿಕೆಯಲ್ಲಿ ಸಿಗೋಣ್ರಿ. ಶರಣು.